‘ಸರ್ವರ್ ಡೌನ್, ನಾಳೆ ಬನ್ನಿ’: ಬೆಂಗಳೂರಲ್ಲಿ ಡಿಸ್ಕ್ ತುಂಬಿದ್ರೆ ಕಳಸದಲ್ಲಿ ಕೂಲಿ ಹೋಗುತ್ತೆ

ಮೂಡಿಗೆರೆ: ಪಹಣಿ, ನೋಂದಣಿ, ಪಡಿತರ ಅಂತ ಕಚೇರಿ ಬಾಗಿಲಿಗೆ ಹೋದವರಿಗೆ ‘ಸರ್ವರ್ ಡೌನ್, ನಾಳೆ ಬನ್ನಿ’ ಅನ್ನೋ ಮಾತು ಹೊಸದಲ್ಲ. ಸಂಸೆ, ಹೊರನಾಡು ಕಡೆಯಿಂದ ಕಳಸಕ್ಕೆ, ಕೊಟ್ಟಿಗೆಹಾರ, ಗೋಣಿಬೀಡಿನಿಂದ ಮೂಡಿಗೆರೆಗೆ ಬಸ್ ಹಿಡಿದು ಬಂದವರಿಗೆ ‘ನಾಳೆ’ ಅಂದ್ರೆ ಇನ್ನೊಂದು ದಿನದ ಕೂಲಿ ಹೋಯ್ತು ಅಂತಲೇ ಅರ್ಥ. ಕಾಫಿ ಕೊಯ್ಲಿನ ಸಮಯದಲ್ಲಿ ಬೆಳೆಗಾರನಿಗೂ ಅಷ್ಟೆ, ಆಳಿಗೂ ಅಷ್ಟೆ.

ಕೌಂಟರಿನಲ್ಲಿ ಕೂತವರನ್ನು ಬೈದು ಪ್ರಯೋಜನ ಇಲ್ಲ. ಅವರ ಮುಂದಿರೋದು ಪರದೆ ಮಾತ್ರ, ಮಾಹಿತಿ ಇರೋದು ಬೆಂಗಳೂರಿನ ಡೇಟಾ ಸೆಂಟರಿನಲ್ಲಿ. ಆದರೆ ‘ಡೌನ್’ ಅನ್ನೋ ಒಂದೇ ಪದದ ಹಿಂದೆ ಹಲವು ಕಾರಣ ಅಡಗಿರುತ್ತವೆ. ಮಳೆಗಾಲದಲ್ಲಿ ಕೇಬಲ್ ಕಡಿದಿರಬಹುದು. ಒಮ್ಮೆಲೇ ಜನ ಮುಗಿಬಿದ್ದಿರಬಹುದು. 2025ರ ಆರಂಭದಲ್ಲಿ ಕಾವೇರಿ 2.0 ಕೈಕೊಟ್ಟು ನೋಂದಣಿ ನಿಂತಾಗ, ಅದು ಸೈಬರ್ ದಾಳಿ ಅಂತ ಸರ್ಕಾರವೇ ಹೇಳಿತ್ತು. ಇವೆಲ್ಲ ಹೇಳದೆ ಕೇಳದೆ ಬರುವ ತೊಂದರೆಗಳು. ತಿಂಗಳ ಮೊದಲೇ ಗೊತ್ತಾಗುವ ಕಾರಣವೂ ಒಂದಿದೆ: ಡಿಸ್ಕ್ ತುಂಬುವುದು.

ಕಣ ತುಂಬಿದೆ, ಕೊಯ್ಲು ನಿಂತಿಲ್ಲ

ಭೂಮಿ ಯೋಜನೆಯಲ್ಲಿ 2000ನೇ ಇಸವಿಯ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅವೆಲ್ಲ ಟೈಪ್ ಮಾಡಿದ ಅಕ್ಷರ, ಹಿಡಿಯುವ ಜಾಗ ಕಡಿಮೆ. 2024ರಿಂದ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಗೆದ್ದಲು ಹಿಡಿಯುವ ಕಡತ ಉಳೀತದೆ, ಕೆಲಸ ಒಳ್ಳೇದೇ. ಆದರೆ ಒಂದು ಪುಟದ ಚಿತ್ರ 300 ಕೆಬಿ ಅಂತ ಇಟ್ಕೊಂಡರೂ 10 ಲಕ್ಷ ಪುಟಕ್ಕೆ 300 ಜಿಬಿ ಬೇಕು. ಅದರ ಬ್ಯಾಕಪ್‌ಗೆ ಮತ್ತೆ ಅಷ್ಟೇ ಜಾಗ. ಜೊತೆಗೆ ನಡೆದ ಪ್ರತಿ ವ್ಯವಹಾರವನ್ನೂ ಬರೆದಿಡುವ ಲಾಗ್ ಫೈಲು ದಿನಾ ಬೆಳೀತಾನೇ ಇರುತ್ತೆ.

ಕಣ ತುಂಬಿದ ಮೇಲೂ ಹಣ್ಣಿನ ಮೂಟೆ ಬರ್ತಾನೇ ಇದ್ದರೆ ಏನಾಗುತ್ತೆ ಅಂತ ನಮ್ಮ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಡೇಟಾಬೇಸಿನಲ್ಲೂ ಹಾಗೇ. ಲಾಗ್ ಬರೆಯುವ ಜಾಗ ಮುಗಿದರೆ ಪೋಸ್ಟ್‌ಗ್ರೆಸ್ ತಾನಾಗೇ ನಿಂತುಬಿಡುತ್ತೆ. ಮೈಎಸ್‌ಕ್ಯೂಎಲ್ ಜಾಗ ಸಿಗುವ ತನಕ ಕಾಯುತ್ತಾ ಕೂರುತ್ತೆ. ಆಗ ಕೌಂಟರಿನಲ್ಲಿ ನಮಗೆ ಕಾಣೋದು ಗಿರಗಿರ ತಿರುಗುವ ಚಕ್ರ ಮಾತ್ರ.

ಸರಿ ಮಾಡೋದು ಕಷ್ಟವೇ?

ಇಂಥ ಸರ್ವರುಗಳು ಹೆಚ್ಚಾಗಿ ಓಡುವುದು ಲಿನಕ್ಸ್ ಮೇಲೆ. ಅದರಲ್ಲಿ ಎಲ್‌ವಿಎಂ ಅನ್ನೋ ವ್ಯವಸ್ಥೆ ಇದೆ. ಪಕ್ಕದ ಕೋಣೆಯ ಗೋಡೆ ತೆಗೆದು ಗೋದಾಮು ದೊಡ್ಡದು ಮಾಡಿದ ಹಾಗೆ. ಹೊಸ ಡಿಸ್ಕ್ ಜೋಡಿಸಬೇಕು, ಅದನ್ನು ಹಳೇ ಗುಂಪಿಗೆ ಸೇರಿಸಬೇಕು, ಆಮೇಲೆ ವಾಲ್ಯೂಮನ್ನೂ ಅದರ ಮೇಲಿನ ಫೈಲ್ ಸಿಸ್ಟಮನ್ನೂ ಹಿಗ್ಗಿಸಬೇಕು. ಕೊನೆಯದನ್ನು ಮರೆತರೆ ಡಿಸ್ಕ್ ಹಾಕಿಯೂ ಡೇಟಾಬೇಸಿಗೆ ಜಾಗ ಸಿಗಲ್ಲ. ಮೊದಲೇ ಹೀಗೆ ಸಿದ್ಧಪಡಿಸಿದ ಸರ್ವರಿನಲ್ಲಿ ಡೇಟಾಬೇಸ್ ನಿಲ್ಲಿಸದೆ ಈ ಕೆಲಸ ಮುಗಿಸಬಹುದು. ಶೇ 80 ತುಂಬಿದಾಗಲೇ ಎಚ್ಚರಿಕೆ ಬರುವಂತೆ ಇಟ್ಟರೆ ಗಡಿಬಿಡಿಯೇ ಇಲ್ಲ.

ಅಪಾಯ ಇರೋದು ಕೊನೇ ಗಳಿಗೆಯ ಗಡಿಬಿಡಿಯಲ್ಲಿ. ಜಾಗ ಮಾಡೋಕೆ ಅಂತ ಡೇಟಾಬೇಸಿನ ಲಾಗ್ ಫೈಲನ್ನೇ ಕೈಯಾರೆ ಅಳಿಸಿ ಇಡೀ ಮಾಹಿತಿ ಕೆಡಿಸಿಕೊಂಡವರಿದ್ದಾರೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೊಟಾದ 14 ಕಾರ್ಖಾನೆಗಳೂ ನಿಂತವು. ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರಿನ ನಿರ್ವಹಣೆ ವೇಳೆ ಡಿಸ್ಕ್ ಜಾಗ ಸಾಲಲಿಲ್ಲ ಅಂತ ಕಂಪನಿಯೇ ಹೇಳಿತು. ಬದಲಿ ಸರ್ವರೂ ಅದೇ ವ್ಯವಸ್ಥೆಯಲ್ಲಿದ್ದುದರಿಂದ ಅದೂ ಕೈಕೊಟ್ಟಿತು. ದೊಡ್ಡ ಸರ್ವರಿಗೆ ಮಾಹಿತಿ ಸಾಗಿಸಿದ ಮೇಲೆ ಮರುದಿನ ಕೆಲಸ ಶುರುವಾಯಿತು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ ನೌಕರರ 858 ಟಿಬಿ ಕಡತ ಸುಟ್ಟುಹೋಯಿತು. ಗಾತ್ರ ದೊಡ್ಡದು ಅಂತ ಬೇರೆ ಕಡೆ ಬ್ಯಾಕಪ್ ಇಟ್ಟಿರಲಿಲ್ಲ.

ಲೆಕ್ಕಕ್ಕೇ ಬಾರದ ದಿನಗಳು

ನಮ್ಮ ಮಟ್ಟಿಗೆ ಮುಖ್ಯ ಪ್ರಶ್ನೆ ಬೇರೆ. ಸಕಾಲ ಕಾಯ್ದೆ ಪ್ರಕಾರ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಆದರೆ ದಿನಗಳ ಎಣಿಕೆ ಶುರುವಾಗೋದು ಅರ್ಜಿ ದಾಖಲಾಗಿ ಜಿಎಸ್‌ಸಿ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಡೌನ್ ಆದ ದಿನ ಅರ್ಜಿಯೇ ದಾಖಲಾಗಲ್ಲ. ಅಂದರೆ ಬಸ್ ಚಾರ್ಜ್ ಕೊಟ್ಟು ಬಂದು ಬರಿಗೈಲಿ ವಾಪಸ್ ಹೋದವನ ಆ ದಿನ ಯಾವ ಲೆಕ್ಕದಲ್ಲೂ ಇಲ್ಲ.

ಹೀಗಾಗಿ ಕೇಳಬೇಕಾದ್ದು ಮೂರು. ಒಂದು, ಕಚೇರಿ ಬಾಗಿಲಲ್ಲಿ ‘ಸರ್ವರ್ ಡೌನ್’ ಅನ್ನುವುದರ ಜೊತೆ ಎಷ್ಟು ಗಂಟೆಯಿಂದ, ಯಾವ ಕಾರಣಕ್ಕೆ ಅಂತ ಬೋರ್ಡ್ ಹಾಕಲಿ. ಎರಡು, ಬಂದವರ ಹೆಸರು ಪುಸ್ತಕದಲ್ಲಿ ಬರೆದು ಟೋಕನ್ ಕೊಡಲಿ, ಮರುದಿನ ಅವರದ್ದೇ ಮೊದಲು ಆಗಲಿ. ಮೂರು, ಸರ್ವರ್ ಹಿಗ್ಗಿಸುವ ಕೆಲಸ ಇದ್ದರೆ ಮೊದಲೇ ತಿಳಿಸಿ, ರಾತ್ರಿಯೋ ಭಾನುವಾರವೋ ಮಾಡಲಿ. ಇದ್ಯಾವುದಕ್ಕೂ ದೊಡ್ಡ ಖರ್ಚಿಲ್ಲ.

ಅಂಗಡಿಯವರೂ ತಮ್ಮ ಬಿಲ್ಲಿಂಗ್ ಕಂಪ್ಯೂಟರ್ ಒಮ್ಮೆ ನೋಡ್ಕೊಳ್ಳೋದು ಒಳ್ಳೇದು. ಡಿಸ್ಕ್ ಎಷ್ಟು ತುಂಬಿದೆ? ಬ್ಯಾಕಪ್ ಅದೇ ಡಿಸ್ಕ್‌ನಲ್ಲಿದೆಯೋ, ಬೇರೆ ಕಡೆ ಇದೆಯೋ? ಆ ಬ್ಯಾಕಪ್ ತೆರೆಯುತ್ತಾ ಅಂತ ಯಾವಾಗಲಾದರೂ ನೋಡಿದ್ದೀರಾ? ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗನಿಗೆ ಇಷ್ಟು ಕೇಳಿ ಸಾಕು.

ಮಳೆ ಬಂದು ಗುಡ್ಡ ಜರಿದರೆ ಯಾರನ್ನೂ ದೂರೋಕೆ ಆಗಲ್ಲ. ಡಿಸ್ಕ್ ಹಾಗಲ್ಲ, ಎಷ್ಟು ತುಂಬಿದೆ ಅಂತ ದಿನಾ ತೋರಿಸ್ತಾನೇ ಇರುತ್ತೆ. ನೋಡೋರು ಬೇಕು.