ಕ್ಷಯ ಗುಣವಾಯಿತು, ಉಸಿರು ಮಾತ್ರ ಬರಲಿಲ್ಲ

2025ರೊಳಗೆ ದೇಶದಿಂದ ಕ್ಷಯರೋಗವನ್ನು ತೊಲಗಿಸುವುದಾಗಿ ಕೇಂದ್ರ ಸರಕಾರ 2018ರಲ್ಲಿ ಘೋಷಿಸಿತ್ತು. ಗಡುವು ದಾಟಿತು, ರೋಗ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಲಕ್ಷ ಜನರಿಗೆ 237ರಷ್ಟಿದ್ದ ಹೊಸ ರೋಗಿಗಳು 2024ರಲ್ಲಿ 187ಕ್ಕೆ ಇಳಿದಿದ್ದಾರೆ. ಇದು ಸಣ್ಣ ಸಾಧನೆಯಲ್ಲ. ಆದರೆ ಆರು ತಿಂಗಳು ಮಾತ್ರೆ ನುಂಗಿ, ಕಾರ್ಡಿನಲ್ಲಿ 'ಗುಣಮುಖ' ಎಂದು ಬರೆಸಿಕೊಂಡೂ ನಾಲ್ಕು ಮೆಟ್ಟಿಲು ಹತ್ತಲಾಗದವರು ಈ ಲೆಕ್ಕದಲ್ಲಿ ಎಲ್ಲಿದ್ದಾರೆ ಎಂಬುದು ನಮ್ಮ ಪ್ರಶ್ನೆ.

ಕೆಲವರಲ್ಲಿ ಕ್ಷಯ ಶ್ವಾಸನಾಳದ ಒಳಗೋಡೆಗೂ ತಗಲುತ್ತದೆ. ಯುವತಿಯರಲ್ಲಿ ಇದು ಹೆಚ್ಚು. ಔಷಧ ರೋಗಾಣುವನ್ನು ಕೊಲ್ಲುತ್ತದೆ. ಆದರೆ ಹುಣ್ಣು ಮಾಯುವಾಗ ಕಲೆಗಟ್ಟಿ ನಾಳ ಕಿರಿದಾಗುವುದನ್ನು ಎಲ್ಲರಲ್ಲೂ ತಡೆಯಲಾರದು. ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಎದೆಯಲ್ಲಿ ಸುಂಯ್ ಎನ್ನುವ ಸದ್ದು ಕೇಳಿ, ಅಸ್ತಮಾ ಎಂದು ಇನ್‌ಹೇಲರ್ ಕೊಡುವುದುಂಟು. ಇನ್‌ಹೇಲರಿಗೆ ಜಗ್ಗದ, ಒಂದೇ ಬದಿಯಲ್ಲಿ ಕೇಳುವ ಸದ್ದಾದರೆ ಸಂಶಯಪಡಬೇಕು. ಸಿ.ಟಿ. ಸ್ಕ್ಯಾನ್ ಮತ್ತು ಬ್ರಾಂಕೋಸ್ಕೋಪಿಯಲ್ಲಿ ನಿಜ ತಿಳಿಯುತ್ತದೆ.

ಇಲ್ಲಿಯೇ ಲೇಸರ್ ನೆರವಿಗೆ ಬರುವುದು. ಬಾಯಿಯ ಮೂಲಕ ಬ್ರಾಂಕೋಸ್ಕೋಪ್ ಇಳಿಸಿ, ಪೊರೆಯಂತೆ ಅಡ್ಡಗಟ್ಟಿದ ಕಲೆಯಲ್ಲಿ ಲೇಸರಿನಿಂದ ಎರಡು ಮೂರು ಗೀರು ಕೊಯ್ದು, ಬಲೂನಿನಿಂದ ನಾಳವನ್ನು ಹಿಗ್ಗಿಸುತ್ತಾರೆ. ಎದೆ ತೆರೆಯಬೇಕಾಗಿಲ್ಲ, ಹಲವರಿಗೆ ಕೂಡಲೇ ಉಸಿರು ಹಗುರಾಗುತ್ತದೆ. ಆದರೆ ಲೇಸರ್ ಎಂದರೆ ನಮ್ಮವರಿಗೆ ಒಂದು ಬಗೆಯ ಮೋಹ (ಕಣ್ಣಿಗೂ ಲೇಸರ್, ಮೂಲವ್ಯಾಧಿಗೂ ಲೇಸರ್ ಎಂದು ಜಾಹೀರಾತು ನೋಡಿ ಬಂದದ್ದು). ಉದ್ದಕ್ಕೂ ಕಿರಿದಾದ ಅಥವಾ ಗೋಡೆಯೇ ಕುಸಿದ ನಾಳಕ್ಕೆ ಅದು ತಕ್ಕದ್ದಲ್ಲ. ಅಂಥವರಿಗೆ ಸ್ಟೆಂಟ್ ಇಲ್ಲವೇ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ನಾಳ ತೂತಾಗುವ, ರಕ್ತಸ್ರಾವವಾಗುವ ಅಪಾಯವೂ ಇದೆ. ಆಮ್ಲಜನಕ ಹೆಚ್ಚಿದ್ದರೆ ನಾಳದೊಳಗೇ ಬೆಂಕಿ ಹೊತ್ತಬಹುದು; ಆದ್ದರಿಂದ ಲೇಸರ್ ಹಾಯಿಸುವಾಗ ಅದನ್ನು ಶೇ. 40ಕ್ಕಿಂತ ಕಡಿಮೆ ಇಡುತ್ತಾರೆ. ಕೆಲವರಲ್ಲಿ ನಾಳ ಮತ್ತೆ ಕಿರಿದಾಗಿ, ಚಿಕಿತ್ಸೆಯನ್ನು ಪುನಃ ಮಾಡಬೇಕಾಗುತ್ತದೆ. ಪಳಗಿದ ಕೈ, ಸಜ್ಜಾದ ಆಸ್ಪತ್ರೆ ಎರಡೂ ಬೇಕು. ತಾಲೂಕು ಆಸ್ಪತ್ರೆಯಲ್ಲಿ ಆಗುವ ಕೆಲಸವಲ್ಲ.

ಪೋಷಣೆಗೆಂದು ಸರಕಾರ ಕೊಡುವ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1,000 ಆಯಿತು, ಸಂತೋಷ. ಆದರೆ ಮಾತ್ರೆ ಮುಗಿದಾಗ ಅದೂ ಮುಗಿಯುತ್ತದೆ. ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ರೋಗಿಯನ್ನು ನೋಡಬೇಕೆಂಬ ನಿಯಮವೇನೋ ಇದೆ. ಅದರ ಕಣ್ಣು ಮುಖ್ಯವಾಗಿ ಮರುಕಳಿಸುವ ರೋಗದ ಮೇಲೆ. ಅದೇ ಭೇಟಿಯಲ್ಲಿ ಎದೆಗೆ ಸ್ಟೆತಸ್ಕೋಪ್ ಇಟ್ಟು, ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯನ್ನೂ ಮಾಡಿದರೆ ಎಷ್ಟೋ ಮಂದಿ ಬೇಗ ಪತ್ತೆಯಾದಾರು.

ನಿಕ್ಷಯ ಮಿತ್ರರಾಗಿ ರೋಗಿಗಳ ಮನೆಗೆ ಆಹಾರದ ಕಿಟ್ ಒಯ್ಯುವ ಕಾರ್ಯಕರ್ತರು, ಚಿಕಿತ್ಸೆ ಮುಗಿದ ಮೇಲೂ ಒಮ್ಮೆ ಆ ಮನೆಗೆ ಹೋಗಿ, 'ಬಾವಿಯಿಂದ ನೀರು ಸೇದಲು ಆಗುತ್ತದೆಯೇ?' ಎಂದು ಕೇಳಲಿ.