ಅಗ್ಗದ ಮನೆಶಾಲೆಗೆ ಬೆಲೆ ತೆರುವವರು ಯಾರು?

ಪ್ರಾಥಮಿಕ ತರಗತಿಯ ವಯಸ್ಸಿನ ಮಗುವನ್ನು ಶಾಲೆಗೆ ಸೇರಿಸದೆ, ಓದು ಬರಹ ಲೆಕ್ಕಗಳನ್ನೆಲ್ಲ ಹೆತ್ತವರೇ ಮನೆಯಲ್ಲಿ ಕಲಿಸುವ ಪದ್ಧತಿಗೆ ಮನೆಶಾಲೆ ಅಥವಾ ಹೋಮ್‌ಸ್ಕೂಲಿಂಗ್ ಎಂಬ ಹೆಸರಿದೆ. ಬಹುಕಾಲ ಬೆಂಗಳೂರಿನಂಥ ನಗರಗಳ ಕೆಲವೇ ಅನುಕೂಲಸ್ಥ ಕುಟುಂಬಗಳ ಆಯ್ಕೆಯಾಗಿದ್ದ ಈ ಪದ್ಧತಿಯನ್ನು ಕಡಿಮೆ ವರಮಾನದವರೂ ಅನುಸರಿಸಬಹುದೆಂಬ ವಾದ ಈಗ ಕೇಳಿಬರುತ್ತಿದೆ. ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ದೀಕ್ಷಾ ಆ್ಯಪ್‌ನಲ್ಲಿ ಪಾಠಗಳಿವೆ, ಮೊಬೈಲು ಹಳ್ಳಿಹಳ್ಳಿಗೂ ಬಂದಿದೆ, ಹೀಗಿರುವಾಗ ಕಾನ್ವೆಂಟಿನ ಶುಲ್ಕವನ್ನೂ ವ್ಯಾನಿನ ಬಾಡಿಗೆಯನ್ನೂ ತೆರುವುದೇಕೆ ಎಂಬುದು ಆ ವಾದದ ತಿರುಳು. ಈ ವಾದ ಲೆಕ್ಕಕ್ಕೆ ಹಿಡಿದ ಖರ್ಚುಗಳೆಲ್ಲ ಸರಿಯೇ ಇವೆ. ಆದರೆ ಅದು ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಖರ್ಚುಗಳು ಅವಕ್ಕಿಂತ ಎಷ್ಟೋ ದೊಡ್ಡವು, ಮತ್ತು ಅವನ್ನು ತೆರಬೇಕಾದವರು ಆ ಮನೆಯ ತಾಯಿ ಹಾಗೂ ಮಗು.

ಬಿಟ್ಟುಹೋದ ಈ ಖರ್ಚುಗಳನ್ನು ಅಳೆಯಲು ಕೊಡಿಗೇನಹಳ್ಳಿಯಂಥ ಊರು ತಕ್ಕ ಜಾಗ. ಮಧುಗಿರಿ ತಾಲ್ಲೂಕಿನ ಈ ಹೋಬಳಿ ಕೇಂದ್ರ ಆಂಧ್ರಪ್ರದೇಶದ ಗಡಿಗೆ ಹತ್ತಿರದಲ್ಲಿದ್ದು, ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದೆ. ಶೈಕ್ಷಣಿಕ ಜಿಲ್ಲೆಯೆಂದರೆ ಶಾಲಾ ಆಡಳಿತದ ಅನುಕೂಲಕ್ಕಾಗಿ ಕಂದಾಯ ಜಿಲ್ಲೆಯನ್ನು ಒಡೆದು ಮಾಡಿದ, ಉಪನಿರ್ದೇಶಕರೊಬ್ಬರ ಅಧೀನದಲ್ಲಿರುವ ಘಟಕ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಈ ಘಟಕದಲ್ಲಿವೆ. ಮಳೆಯನ್ನೇ ನೆಚ್ಚಿಕೊಂಡ ಕಡ್ಲೆಕಾಯಿ, ರಾಗಿಯ ಹೊಲಗಳು, ಬೇಸಿಗೆಯ ಹುಣಸೆಹಣ್ಣಿನ ಕೆಲಸ, ಮಳೆ ಕೈಕೊಟ್ಟ ವರ್ಷ ಕೂಲಿ ಹುಡುಕಿ ಬೆಂಗಳೂರಿಗೆ ಹೊರಡುವ ಕುಟುಂಬಗಳು, ಇವು ಈ ಸೀಮೆಯ ಬದುಕಿನ ಸ್ಥೂಲ ಚಿತ್ರ. ಬಿಗಿ ಆದಾಯವೆಂಬುದು ಇಲ್ಲಿ ತಿಂಗಳ ಸಂಬಳದಲ್ಲಿ ಸ್ವಲ್ಪ ಉಳಿಸುವ ಪ್ರಶ್ನೆಯಲ್ಲ, ಆ ದಿನ ಕೂಲಿ ಸಿಕ್ಕಿತೇ ಇಲ್ಲವೇ ಎಂಬ ಪ್ರಶ್ನೆ.

ಮೊದಲಿಗೆ ಕಾನೂನಿನ ಸ್ಥಿತಿಯನ್ನು ಗಮನಿಸಬೇಕು. 2002ರ 86ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 21ಎ ವಿಧಿಯು 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸುವ ಹೊಣೆಯನ್ನು ಪ್ರಭುತ್ವದ ಮೇಲೆ ಹೊರಿಸಿತು. ಅದನ್ನು ಜಾರಿಗೆ ತರಲು ರೂಪಿಸಿದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದರ 10ನೆಯ ಕಲಂ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆನ್ನುತ್ತದೆ, ಆದರೆ ಸೇರಿಸದವರಿಗೆ ಶಿಕ್ಷೆಯನ್ನು ವಿಧಿಸುವುದಿಲ್ಲ. ‘ಕಡ್ಡಾಯ’ ಎಂಬುದಕ್ಕೆ ಕಾಯ್ದೆ ಕೊಡುವ ವಿವರಣೆಯ ಪ್ರಕಾರ ದಾಖಲಾತಿ, ಹಾಜರಾತಿ ಮತ್ತು ಎಂಟನೆಯ ತರಗತಿಯವರೆಗಿನ ಕಲಿಕೆಯ ಪೂರ್ಣತೆಯನ್ನು ಖಾತರಿಪಡಿಸಬೇಕಾದದ್ದು ಸರ್ಕಾರ. ಮನೆಶಾಲೆಗೆ ಇಲ್ಲಿ ಸ್ಪಷ್ಟ ನಿಷೇಧವೂ ಇಲ್ಲ, ಸ್ಪಷ್ಟ ಮಾನ್ಯತೆಯೂ ಇಲ್ಲ. ಈ ಮೌನವನ್ನು ಮನೆಶಾಲೆಯ ಪರವಾಗಿರುವವರು ಸ್ವಾತಂತ್ರ್ಯವೆಂದು ಓದುತ್ತಾರೆ. ವಕೀಲರನ್ನು ಕಂಡು ಮಾತನಾಡಬಲ್ಲ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗೆ ನೋಂದಾಯಿಸಿಕೊಳ್ಳುವ ಬಗೆಯನ್ನು ತಿಳಿದ ಕುಟುಂಬಕ್ಕೆ ಅದು ಸ್ವಾತಂತ್ರ್ಯವಿದ್ದೀತು; ಕೊಡಿಗೇನಹಳ್ಳಿಯ ಕೂಲಿ ಕುಟುಂಬದ ಮಗು ಅದೇ ಮೌನದಲ್ಲಿ ಅಧಿಕಾರಿಗಳ ಪಟ್ಟಿಗೆ ‘ಶಾಲೆಯಿಂದ ಹೊರಗುಳಿದ ಮಗು’ವಾಗಿ ಸೇರುತ್ತದೆ, ಅಥವಾ ಯಾವ ಪಟ್ಟಿಯಲ್ಲೂ ಸೇರದೆ ಹೋಗುತ್ತದೆ.

ಇನ್ನು ಹಣದ ಲೆಕ್ಕ. ಸರ್ಕಾರಿ ಶಾಲೆಗೆ ಸೇರಿದ ಮಗುವಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂಗಳು ಉಚಿತ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಸಿಗುತ್ತದೆ, ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟ ಸಿಗುತ್ತದೆ, 2024ರ ಸೆಪ್ಟೆಂಬರ್‌ನಿಂದ ವಾರದ ಆರೂ ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡೂ ಆಗಿದೆ. ಬಿಸಿಯೂಟದ ನಿಯಮದಂತೆ ಒಂದರಿಂದ ಐದನೆಯ ತರಗತಿಯ ಮಗುವಿನ ತಟ್ಟೆಯಲ್ಲಿ 100 ಗ್ರಾಂ ಧಾನ್ಯದ ಅಡುಗೆ, 450 ಕ್ಯಾಲೊರಿ ಶಕ್ತಿ ಮತ್ತು 12 ಗ್ರಾಂ ಪ್ರೋಟೀನು ಇರಬೇಕು. ಮಗುವನ್ನು ಶಾಲೆಯಿಂದ ಬಿಡಿಸಿದ ದಿನವೇ ಈ ಎಲ್ಲದರ ಖರ್ಚು ಮನೆಯ ಒಲೆಯ ಮೇಲೆ ಬೀಳುತ್ತದೆ. ಇದಕ್ಕಿಂತ ದೊಡ್ಡದು ತಾಯಿಯ ಕೂಲಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಪಾಠ ಹೇಳುವುದಕ್ಕೆಂದು ಮನೆಯಲ್ಲುಳಿದ ತಾಯಿ ಆ ಯೋಜನೆಯ 100 ದಿನಗಳ ಕೆಲಸವನ್ನಷ್ಟೇ ಬಿಟ್ಟರೂ ವರ್ಷಕ್ಕೆ 37,000 ರೂಪಾಯಿ ಕಳೆದುಕೊಂಡಂತಾಯಿತು, ಹೊಲದ ಕೂಲಿಯ ನಷ್ಟ ಬೇರೆ. ಅಗ್ಗದ ಮನೆಶಾಲೆಯ ಯಾವ ಅಂದಾಜುಪಟ್ಟಿಯಲ್ಲೂ ಈ ಸಾಲು ಕಾಣುವುದಿಲ್ಲ, ಏಕೆಂದರೆ ಹೆಂಗಸಿನ ದುಡಿಮೆಯನ್ನು ಮೊದಲಿನಿಂದಲೂ ಬಿಟ್ಟಿಯೆಂದೇ ಎಣಿಸಿ ಆ ಪಟ್ಟಿಯನ್ನು ಬರೆಯಲಾಗಿರುತ್ತದೆ.

ಮುಂದಿನ ಖರ್ಚು ಹತ್ತು ವರ್ಷ ಕಳೆದ ಮೇಲೆ ಎದುರಾಗುವಂಥದ್ದು. ವೃತ್ತಿಪರ ಕೋರ್ಸುಗಳ ಸಿಇಟಿ ಪ್ರವೇಶದಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಮೀಸಲಾತಿ ಇದ್ದು, ಇವೆರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗೆ ಕ್ರಮವಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಮುಖ್ಯ ಶಿಕ್ಷಕರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯುಳ್ಳ ಪ್ರಮಾಣಪತ್ರ ಬೇಕು. ಮನೆಯಲ್ಲಿ ಕನ್ನಡದಲ್ಲೇ ಕಲಿತ, ಹಳ್ಳಿಯಲ್ಲೇ ಬೆಳೆದ ಮಗುವಿಗೂ ಮೊದಲ ನಾಲ್ಕೈದು ವರ್ಷಗಳ ಶಾಲಾ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಈ ಬಾಗಿಲು ಮುಚ್ಚುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು 3, 5 ಮತ್ತು 8ನೆಯ ತರಗತಿಗೆ ಸಮನಾದ ಎ, ಬಿ, ಸಿ ಹಂತದ ಪ್ರಮಾಣಪತ್ರಗಳನ್ನು ಕೊಡುತ್ತದೆಂಬುದು ನಿಜ. ಆದರೆ ಅದು ಕಲಿಕೆಯ ಮಟ್ಟಕ್ಕೆ ಸಾಕ್ಷಿಯೇ ಹೊರತು ಹಳ್ಳಿಯ ಶಾಲೆಯಲ್ಲಿ ಕಳೆದ ವರ್ಷಗಳಿಗೆ ಸಾಕ್ಷಿಯಲ್ಲ. ಅನುಕೂಲಸ್ಥರ ಮಗು ಹಣ ಕೊಟ್ಟು ಬೇರೆ ಸೀಟು ಹುಡುಕಿಕೊಳ್ಳಬಲ್ಲದು, ಈ ಮೀಸಲಾತಿಯನ್ನೇ ನಂಬಿದ ಮಗುವಿಗೆ ಬೇರೆ ದಾರಿಯಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದದ್ದು ದುಡಿಮೆಯ ಪ್ರಶ್ನೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಷೇಧ ಕಾಯ್ದೆ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದನ್ನು ನಿಷೇಧಿಸಿದರೂ, ಅಪಾಯಕಾರಿಯಲ್ಲದ ಕುಟುಂಬದ ಕಸುಬಿನಲ್ಲಿ ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಗು ನೆರವಾಗಬಹುದೆಂಬ ವಿನಾಯಿತಿಯನ್ನು ಇಟ್ಟಿದೆ. ಈ ವಿನಾಯಿತಿ ಅಷ್ಟಿಷ್ಟು ಸುರಕ್ಷಿತವಾಗಿರುವುದು ಶಾಲೆಯ ಗಂಟೆಯಿಂದ. ಶಾಲೆಯೇ ಇಲ್ಲದ ಮಗುವಿಗೆ ಶಾಲಾ ಅವಧಿ ಯಾವುದು, ರಜೆ ಯಾವುದು? ಹುಣಸೆಹಣ್ಣು ಬಡಿದು ಬೀಜ ತೆಗೆಯುವ, ಕಡ್ಲೆಕಾಯಿ ಬಿಡಿಸುವ ಸುಗ್ಗಿಯಲ್ಲಿ ಮನೆಯಲ್ಲಿರುವ ಎಂಟು ವರ್ಷದ ಹುಡುಗಿಯ ಕೈಗೆ ಕೆಲಸ ಬರುವುದಿಲ್ಲವೆಂದು ನಂಬಲು ಈ ಸೀಮೆಯನ್ನು ಕಂಡವರಿಗೆ ಸಾಧ್ಯವಿಲ್ಲ. ಅಲ್ಲಿ ಹೆತ್ತವರ ಕ್ರೌರ್ಯವನ್ನು ಹುಡುಕುವುದು ಅನ್ಯಾಯ. ಕೊರತೆಯ ಮನೆಯಲ್ಲಿ ಬಿಡುವಾಗಿರುವ ಪ್ರತಿಯೊಂದು ಕೈಯೂ ತಾನಾಗಿಯೇ ದುಡಿಮೆಗೆ ಹಚ್ಚಿಕೊಳ್ಳುತ್ತದೆ.

ಮನೆಶಾಲೆಯ ಸಾಧ್ಯತೆಯನ್ನು ಊಹೆಯಿಂದ ಚರ್ಚಿಸುವ ಅಗತ್ಯವೂ ಈಗ ಉಳಿದಿಲ್ಲ, ಏಕೆಂದರೆ ರಾಜ್ಯದ ಪ್ರತಿಯೊಂದು ಬಡ ಮನೆಯೂ ಬಲವಂತದಿಂದ ಅದನ್ನು ನಡೆಸಿ ನೋಡಿದೆ. ಕೋವಿಡ್ ಕಾರಣದಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ಆರಂಭವಾದದ್ದು 2021ರ ಅಕ್ಟೋಬರ್ 25ರಂದು, ಅಂದರೆ ಸುಮಾರು 19 ತಿಂಗಳ ನಂತರ. ನಡುವೆ 2020ರ ಆಗಸ್ಟ್‌ನಲ್ಲಿ ಶಿಕ್ಷಕರೇ ಊರಿಗೆ ಬಂದು ದೇವಸ್ಥಾನದ ಅಂಗಳ, ಅರಳಿಕಟ್ಟೆಗಳಲ್ಲಿ ಪಾಠ ಮಾಡುವ ವಿದ್ಯಾಗಮ ಯೋಜನೆ ಶುರುವಾಗಿ, ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಗ್ರಾಮೀಣ ಮಕ್ಕಳ ಓದನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ, ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು ಕರ್ನಾಟಕದಲ್ಲಿ 2018ರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿದ್ದದ್ದು 2022ರ ಹೊತ್ತಿಗೆ ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆಯಾಗಿತ್ತು. ಪಠ್ಯಪುಸ್ತಕ, ಆ್ಯಪು, ದೂರದರ್ಶನದ ಪಾಠಗಳು ಆಗಲೂ ಉಚಿತವಾಗಿಯೇ ಇದ್ದವು. ಇಲ್ಲದಿದ್ದದ್ದು ಮಗುವಿನ ಪಕ್ಕದಲ್ಲಿ ಕೂತು ಕಲಿಸಬಲ್ಲ, ಅದಕ್ಕೆ ಬಿಡುವುಳ್ಳ ಒಬ್ಬ ವ್ಯಕ್ತಿ.

ಮನೆಶಾಲೆಯ ಪರವಾದ ಅತ್ಯಂತ ಬಲವಾದ ಮಾತು ಇದೇ ಅಂಕಿಯಲ್ಲಿ ಅಡಗಿದೆಯೆಂಬುದನ್ನು ಒಪ್ಪಲೇಬೇಕು. ಸೋಂಕಿಗೆ ಮುಂಚೆಯೂ ಐವರಲ್ಲಿ ನಾಲ್ವರಿಗೆ ಎರಡನೆಯ ತರಗತಿಯ ಪಠ್ಯ ಓದಲು ಬರುತ್ತಿರಲಿಲ್ಲವೆಂದರೆ ಶಾಲೆ ಕಲಿಸಿದ್ದಾದರೂ ಏನು ಎಂದು ಕೇಳುವ ಪೋಷಕರಿಗೆ ಶಿಕ್ಷಣ ಇಲಾಖೆ ಉತ್ತರ ಕೊಡಬೇಕಾಗಿದೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಚಟುವಟಿಕೆಯ ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವಂತೆ ಮಾಡುವ ನಲಿ-ಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊಳೆತು, 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಅದರ ತತ್ತ್ವ ಒಳ್ಳೆಯದೇ. ಆದರೆ ಶಾಲೆಯಲ್ಲಿರುವ ಒಬ್ಬರೇ ಶಿಕ್ಷಕರು ನಲಿ-ಕಲಿಯ ಮಕ್ಕಳನ್ನೂ ನಾಲ್ಕು, ಐದನೆಯ ತರಗತಿಯವರನ್ನೂ ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕಾದ ಕಡೆ ತತ್ತ್ವ ಕಾರ್ಡಿನ ಮೇಲೆಯೇ ಉಳಿಯುತ್ತದೆ. ಗಡಿ ಸೀಮೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಆ ಮಕ್ಕಳಿಗೆ ಕನ್ನಡದ ಪಾಠ ಹೇಳುವಾಗ ಬೇಕಾದ ವಿಶೇಷ ತಯಾರಿಯನ್ನು ಇಲಾಖೆ ಎಂದೂ ಆದ್ಯತೆಯಾಗಿ ಕಂಡಿಲ್ಲ. ಈ ದೂರುಗಳೆಲ್ಲ ನಿಜ. ಆದರೆ ಅವುಗಳಿಂದ ಹೊರಡಬೇಕಾದ ತೀರ್ಮಾನ ಶಾಲೆಗೆ ಇನ್ನೊಬ್ಬ ಶಿಕ್ಷಕರನ್ನು ಕೇಳುವುದು. ಇರುವ ಹೊಣೆಯನ್ನೂ ಸರ್ಕಾರದ ಹೆಗಲಿನಿಂದ ಇಳಿಸಿ ತಾಯಿಯ ತಲೆಯ ಮೇಲೆ ಹೊರಿಸುವುದಲ್ಲ.

ಸರ್ಕಾರವಂತೂ ಆ ಹೊಣೆಯನ್ನು ಇಳಿಸಲು ಕಾದೇ ಕುಳಿತಿದೆ. ಮಕ್ಕಳು ಕಡಿಮೆಯೆಂಬ ಕಾರಣ ಹೇಳಿ ಚಿಕ್ಕ ಶಾಲೆಗಳನ್ನು ದೂರದ ದೊಡ್ಡ ಶಾಲೆಯಲ್ಲಿ ವಿಲೀನಗೊಳಿಸುವ ಮಾತು ಪದೇ ಪದೇ ಬರುತ್ತಿದೆ. ಶಿಶುವಿಹಾರದಿಂದ ಪಿಯುವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳ ಹೆಸರಿನಲ್ಲಿ ಅದಕ್ಕೆ ಹೊಸ ಬಲವೂ ಬಂದಿದೆ. ಐದನೆಯ ತರಗತಿಯವರೆಗಿನ ಶಾಲೆ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಇರಬೇಕೆಂಬ ನಿಯಮ ಇದ್ದದ್ದೇ ಆರು ವರ್ಷದ ಮಗು ನಡೆದು ಹೋಗಲೆಂದು. ಆ ದೂರವನ್ನು ಮೀರಿದಾಗ ಬಡವರ ಮನೆಯಲ್ಲಿ ಉಳಿಯುವ ಮಗುವನ್ನು ಯಾರೂ ಮನೆಶಾಲೆಯ ವಿದ್ಯಾರ್ಥಿಯೆಂದು ಕರೆಯುವುದಿಲ್ಲ. ಅಗ್ಗದ ಮನೆಶಾಲೆಯನ್ನು ಹೊಗಳುವ ಮಾತು ಮಾತ್ರ ಶಾಲೆ ಮುಚ್ಚುವವರ ಕೈಗೆ ಅಂದವಾದ ಸಮರ್ಥನೆಯಾಗಿ ಒದಗುತ್ತದೆ.

ಮನೆಯಲ್ಲೇ ಕಲಿಸುವುದು ನಿಜವಾಗಿ ಬೇಕಾದ ಮಕ್ಕಳೂ ಇದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಬಹುವಿಧ ಅಥವಾ ತೀವ್ರ ಅಂಗವೈಕಲ್ಯವುಳ್ಳ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಈ ವ್ಯವಸ್ಥೆಯಲ್ಲಿ ಮಗು ಊರ ಶಾಲೆಯ ದಾಖಲಾತಿಯಲ್ಲೇ ಇದ್ದು, ಬಿಐಇಆರ್‌ಟಿ ಎಂದು ಕರೆಯಲಾಗುವ ಸಂಪನ್ಮೂಲ ಶಿಕ್ಷಕರು ಮನೆಗೆ ಹೋಗಿ ಕಲಿಸಬೇಕು. ಮನೆಯ ಕಲಿಕೆಗೂ ಶಾಲೆಯ ನೋಂದಣಿಗೂ ಇರಬೇಕಾದ ಸಂಬಂಧಕ್ಕೆ ಇದೇ ಮಾದರಿ. ಬೇರೆ ಕಾರಣದಿಂದ ಮನೆಶಾಲೆಯನ್ನು ಆರಿಸುವ ಹೆತ್ತವರಿಗೂ ಇದೇ ಚೌಕಟ್ಟು ಸಾಕು: ಮಗುವಿನ ಹೆಸರು ನೆರೆಹೊರೆಯ ಶಾಲೆಯಲ್ಲಿರಲಿ, ಪುಸ್ತಕ ಮತ್ತು ಊಟದ ಹಕ್ಕು ಉಳಿಯಲಿ, ವರ್ಷಕ್ಕೆರಡು ಬಾರಿ ಶಿಕ್ಷಕರು ಕಲಿಕೆಯನ್ನು ನೋಡಲಿ, ಆ ವರ್ಷಗಳನ್ನು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಎಣಿಸುವಂತೆ ನಿಯಮ ಬದಲಾಗಲಿ. ನಿಯಮ ಹೀಗೆ ಸ್ಪಷ್ಟವಾಗುವವರೆಗೆ ಬಡ ಕುಟುಂಬಗಳಿಗೆ ಮನೆಶಾಲೆಯನ್ನು ಬೋಧಿಸುವುದು ಬೇಜವಾಬ್ದಾರಿ.

ಹೆತ್ತವರು ಕೈಕಟ್ಟಿ ಕೂರಬೇಕೆಂದು ಇದರ ಅರ್ಥವಲ್ಲ. ಶಾಲೆ ಬಿಟ್ಟ ಮೇಲೆ ಸಂಜೆ ಅರ್ಧ ಗಂಟೆ ಮಗುವಿನಿಂದ ಗಟ್ಟಿಯಾಗಿ ಓದಿಸುವುದಕ್ಕೆ ತಾಯಿ ಕೂಲಿ ಬಿಡಬೇಕಾಗಿಲ್ಲ, ಅಕ್ಷರ ಬಾರದ ಅಜ್ಜಿಯೂ ಕೂತು ಕೇಳಬಹುದು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಹೆತ್ತವರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಸಭೆಯಲ್ಲಿ ‘ನಮ್ಮ ಮಗುವಿಗೆ ಓದು ಏಕೆ ಬಂದಿಲ್ಲ’ ಎಂದು ಕೇಳಲು ಹಣ ಬೇಕಾಗಿಲ್ಲ, ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂದು ಕಾಯ್ದೆಯನ್ನು ತೋರಿಸಿ ಪಟ್ಟುಹಿಡಿಯಲೂ ಹಣ ಬೇಕಾಗಿಲ್ಲ. ಕೊಡಿಗೇನಹಳ್ಳಿಯ ಪೋಷಕರು ಮಗುವನ್ನು ಶಾಲೆಯಲ್ಲೇ ಉಳಿಸಿ, ಶಾಲೆಯನ್ನು ಊರಲ್ಲೇ ಉಳಿಸಿಕೊಂಡು, ಸಿಗಬೇಕಾದ ಶಿಕ್ಷಕರನ್ನು ಹಕ್ಕಿನಿಂದ ಕೇಳಲಿ. ತೆರಿಗೆಯ ರೂಪದಲ್ಲಿ ಆ ಶಾಲೆಯ ಖರ್ಚನ್ನು ಅವರು ಈಗಾಗಲೇ ತೆತ್ತಿದ್ದಾರೆ.