ಬ್ಲೂ ಲೈಟ್ ಕನ್ನಡಕ ಹಾಕಿದರೆ ಕಣ್ಣುರಿ ಹೋಗುತ್ತದೆಯೇ?

ಸಾಫ್ಟ್‌ವೇರ್ ಎಂಜಿನಿಯರುಗಳ ದಿನ ಕಂಪ್ಯೂಟರ್ ಮುಂದೆಯೇ ಕಳೆಯುತ್ತದೆ. ಕೆಲಸ ಮುಗಿದ ಮೇಲೆ ಓದು, ಸಿನಿಮಾ, ಹರಟೆ ಎಲ್ಲವೂ ಮೊಬೈಲಿನಲ್ಲೇ. ಸಂಜೆಯಾಗುತ್ತಲೇ ಕಣ್ಣುರಿ, ತಲೆನೋವು. ಆಗ ವಾಟ್ಸಾಪ್‌ನಲ್ಲಿ ಸಲಹೆ ಬರುತ್ತದೆ: "ಪರದೆಯ ನೀಲಿ ಬೆಳಕು ಕಣ್ಣು ಹಾಳುಮಾಡುತ್ತದೆ, ಕೂಡಲೇ ಬ್ಲೂ ಲೈಟ್ ಕನ್ನಡಕ ಕೊಳ್ಳಿ!"

ಇದು ನಿಜವೇ?

ಪರದೆಯಿಂದ ನೀಲಿ ಬೆಳಕು ಬರುವುದು ನಿಜ. ಆದರೆ ಹಗಲಲ್ಲಿ ಹೊರಗೆ ಬಂದರೆ ಸೂರ್ಯನಿಂದ ಕಣ್ಣಿಗೆ ಬೀಳುವ ನೀಲಿ ಬೆಳಕು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಇಂಥ 17 ಪ್ರಯೋಗಗಳನ್ನು ನೋಡಿತು. ಕಂಪ್ಯೂಟರ್ ಬಳಸುವವರ ಕಣ್ಣಿನ ದಣಿವು ತಗ್ಗಿಸುವುದರಲ್ಲಿ ಈ ಕನ್ನಡಕಗಳು ಸಾಮಾನ್ಯ ಕನ್ನಡಕಗಳಿಗಿಂತ ಮೇಲೆಂದು ಅದಕ್ಕೆ ಕಂಡುಬರಲಿಲ್ಲ.

ಹಾಗಾದರೆ ಉರಿ ಏಕೆ?

ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಇದು ಅರ್ಧಕ್ಕೂ ಇಳಿಯಬಹುದು. ರೆಪ್ಪೆ ಬಡಿದಾಗಲೆಲ್ಲ ಕಣ್ಣಿನ ಮೇಲೆ ಕಣ್ಣೀರಿನ ತೆಳು ಪದರ ಹರಡುತ್ತದೆ. ಬಡಿಯುವುದು ಕಡಿಮೆಯಾದರೆ ಆ ಪದರ ಆರಿ, ಕಣ್ಣು ಒಣಗುತ್ತದೆ. ಎಸಿ ಗಾಳಿ ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹತ್ತಿರದ್ದನ್ನೇ ದಿಟ್ಟಿಸುವುದರಿಂದ ಕಣ್ಣೊಳಗಿನ ಸ್ನಾಯುಗಳೂ ದಣಿಯುತ್ತವೆ.

ಏನು ಮಾಡಬೇಕು?

ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ನೆನಪಿಟ್ಟುಕೊಂಡು ರೆಪ್ಪೆ ಬಡಿಯಿರಿ. ಪರದೆ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ.

ಅಷ್ಟಾದರೂ ತೊಂದರೆ ನಿಲ್ಲದಿದ್ದರೆ ಕಣ್ಣಿನ ವೈದ್ಯರನ್ನು ಕಾಣಿ. ದೃಷ್ಟಿದೋಷವಿದ್ದರೂ ತಲೆನೋವು ಬರುತ್ತದೆ. ಬ್ಲೂ ಲೈಟ್ ಕನ್ನಡಕ ಇದೆಯೆಂದು ಸುಮ್ಮನಿದ್ದರೆ ಅದು ಪತ್ತೆಯಾಗದೇ ಉಳಿಯುತ್ತದೆ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.